ಆಗುಂಬೆ ಹತ್ತಿ ಚಾರ್ಮಾಡಿ ಇಳಿಯುವುದು: ರೋಡ್ ಸೈಕಲ್‌ನಲ್ಲಿ ಮೂರು ದಿನದ ಘಾಟಿ ಸುತ್ತು

"ನನ್ನಿಂದ ಘಾಟಿ ಹತ್ತೋಕಾಗುತ್ತಾ?" ಎಂದು ಕೇಳುವವರು ಬಹಳ. "ಇಳಿಯೋಕಾಗುತ್ತಾ?" ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಹತ್ತುವಾಗ ಉಸಿರು ಕಟ್ಟಿದರೆ ಕಾಲು ಕೆಳಗಿಟ್ಟು ನಿಂತುಬಿಡಬಹುದು. ಐದು ನಿಮಿಷ ಕೂತು, ನೀರು ಕುಡಿದು ಮತ್ತೆ ಹೊರಡಬಹುದು. ಇಳಿಯುವಾಗ ಆ ಸೌಕರ್ಯ ಇಲ್ಲ. ಅದಕ್ಕೇ ಪಶ್ಚಿಮ ಘಟ್ಟದಲ್ಲಿ ಸೈಕಲ್ ಹಾದಿ ಗುರುತು ಮಾಡುವಾಗ ನಾನು ಮೊದಲು ನೋಡುವುದು ಎಲ್ಲಿ ಹತ್ತುತ್ತೇವೆ ಎಂದಲ್ಲ, ಎಲ್ಲಿ ಇಳಿಯುತ್ತೇವೆ ಎಂದು. ಕೆಳಗೆ ಬರೆದಿರುವ ಮೂರು ದಿನದ ಸುತ್ತನ್ನು ಹಾಗೆಯೇ ಜೋಡಿಸಿದ್ದೇನೆ: ಉಡುಪಿಯಿಂದ ಹೊರಟು ಆಗುಂಬೆ ಘಾಟಿ ಹತ್ತಿ ಶೃಂಗೇರಿ, ಅಲ್ಲಿಂದ ಕುದುರೆಮುಖದ ಕಾಡು ಹಾದು ಕಳಸ, ಮೂರನೆಯ ದಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ.

ಮೊದಲ ಸಲ ಘಟ್ಟಕ್ಕೆ ಸೈಕಲ್ ಒಯ್ಯುವವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಸಪಾಟು ರಸ್ತೆಯಲ್ಲಿ ಒಂದು ದಿನಕ್ಕೆ 80 ಕಿ.ಮೀ. ಹೊಡೆದು, ಮರುದಿನ ಮತ್ತೆ ಸೈಕಲ್ ಏರುವ ಶಕ್ತಿ ನಿಮಗಿದ್ದರೆ ಸಾಕು.

ಯಾವ ಘಾಟಿ, ಯಾವ ದಿಕ್ಕಿಗೆ

ಕರಾವಳಿಯಿಂದ ಘಟ್ಟದ ಮೇಲೆ ಹೋಗಲು ದಾರಿಗಳು ಹಲವು. ಶಿರಾಡಿ ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಬೆಂಗಳೂರು-ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಅದೇ. ಬಂದರಿನಿಂದ ಹೊರಟ ಟ್ಯಾಂಕರು, ಲಾರಿಗಳೆಲ್ಲ ಅಲ್ಲೇ ಸಾಲುಗಟ್ಟುತ್ತವೆ. ಸೈಕಲ್‌ಗೆ ಆ ರಸ್ತೆ ಬೇಡ. ಸಂಪಾಜೆ ಸುಂದರವಾಗಿದೆ, ಆದರೆ ಮಡಿಕೇರಿಗೆ ಹೋಗುವ ಪ್ರವಾಸಿ ಕಾರುಗಳು ವಾರಾಂತ್ಯದಲ್ಲಿ ಬಿಡುವು ಕೊಡುವುದಿಲ್ಲ. ಹೊಸಂಗಡಿಯಿಂದ ಮೇಲೇರುವ ಹುಲಿಕಲ್ ಘಾಟಿ, ಅಂದರೆ ಬಾಳೆಬರೆ, ಬಲು ಕಡಿದು. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಆಗುಂಬೆಯನ್ನು ಹತ್ತುವುದಕ್ಕೆ ಆರಿಸಿದ್ದಕ್ಕೆ ಕಾರಣವಿದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ರಸ್ತೆ ಅಗಲ ಕಡಿಮೆ, ತಿರುವು ಬಿಗಿ. ದೊಡ್ಡ ಲಾರಿಗಳಿಗೆ ಅದು ಹೇಳಿ ಮಾಡಿಸಿದ ದಾರಿಯಲ್ಲ, ಅಲ್ಲಿ ಓಡುವುದು ಮಿನಿ ಬಸ್ಸುಗಳು. ಗಂಟೆಗೆ ಎಂಟು ಕಿ.ಮೀ. ವೇಗದಲ್ಲಿ ಏರುವವರಿಗೆ ಬಿಗಿ ತಿರುವಿನಿಂದ ತೊಂದರೆ ಏನೂ ಇಲ್ಲ. ಅದೇ ತಿರುವನ್ನು ನಲವತ್ತರ ವೇಗದಲ್ಲಿ ಇಳಿಯಲು ಹೊರಟರೆ ಎದುರಿನಿಂದ ಬರುವ ಬಸ್ಸು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಚಾರ್ಮಾಡಿಯ ಇಳಿತ ಉದ್ದ, ಇಳಿಜಾರು ಹಂಚಿಹೋಗಿದೆ, ಮುಂದಿನ ತಿರುವು ಬಹಳ ಕಡೆ ಮೊದಲೇ ಕಣ್ಣಿಗೆ ಬೀಳುತ್ತದೆ. ಕಲಿಯುವವರು ಇಳಿಯಬೇಕಾದದ್ದು ಇಂಥ ಘಾಟಿಯನ್ನು.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಮಳೆಯಲ್ಲಿ ನೆನೆಯುವುದು ಸುಖ ಎನ್ನುವವರಿದ್ದಾರೆ, ನನಗೂ ಮಳೆ ಇಷ್ಟವೇ. ಆದರೆ ರಸ್ತೆ ಅಂಚಿನ ಪಾಚಿ 28 ಮಿ.ಮೀ. ಟೈರಿಗೆ ಎಣ್ಣೆ ಸುರಿದ ಹಾಗೆ. ಮಂಜು ಕವಿದರೆ ಹತ್ತು ಮೀಟರ್ ಆಚೆ ಏನಿದೆ ಎಂದು ಕಾರಿನವನಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಗುಡ್ಡವೇ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಬದಿಯ ಜೋಡುಪಾಲದಲ್ಲಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಆದದ್ದನ್ನು ಮಲೆನಾಡಿನವರು ಯಾರೂ ಮರೆತಿಲ್ಲ. ಆಗ ಕುಸಿದ ಚಾರ್ಮಾಡಿ ವಾರಗಟ್ಟಲೆ ಮುಚ್ಚಿತ್ತು.

ಮಳೆ ನಿಂತ ಮೇಲೂ ಅವಸರ ಮಾಡಬೇಡಿ. ನವೆಂಬರ್ ಎರಡನೆಯ ವಾರದ ಹೊತ್ತಿಗೆ ರಸ್ತೆ ಒಣಗಿ, ಗುಂಡಿಗಳಿಗೆ ತೇಪೆ ಬಿದ್ದಿರುತ್ತದೆ, ಹಳ್ಳಗಳಲ್ಲಿ ನೀರೂ ಇರುತ್ತದೆ. ನನ್ನ ಮಟ್ಟಿಗೆ ಅದೇ ಹದವಾದ ಕಾಲ. ಮಾರ್ಚ್ ಬಂತೆಂದರೆ ಕರಾವಳಿಯ ಸೆಕೆಯಲ್ಲಿ ಹೆಬ್ರಿ ತಲಪುವಷ್ಟರಲ್ಲೇ ಅರ್ಧ ಶಕ್ತಿ ಬೆವರಾಗಿ ಹರಿದಿರುತ್ತದೆ. ಹೊರಡುವ ಹಿಂದಿನ ದಿನ ಆಗುಂಬೆ, ಕುದುರೆಮುಖ, ಚಾರ್ಮಾಡಿ ಮೂರೂ ಕಡೆ ಕಾಮಗಾರಿ ಅಥವಾ ಸಂಚಾರ ನಿರ್ಬಂಧ ಇದೆಯೇ ಎಂದು ಸ್ಥಳೀಯ ಸುದ್ದಿಯಲ್ಲಿ ನೋಡಿಕೊಳ್ಳಿ.

ಸೈಕಲ್: ಗೇರಿನ ಲೆಕ್ಕ ಮೊದಲು

ಇದೊಂದನ್ನು ದಯವಿಟ್ಟು ಬಿಟ್ಟು ಮುಂದಕ್ಕೆ ಹೋಗಬೇಡಿ. ಘಾಟಿಯಲ್ಲಿ ಸೋತವರಲ್ಲಿ ಬಹಳ ಮಂದಿ ಕಾಲಲ್ಲಿ ಬಲ ಇಲ್ಲದೆ ಸೋತವರಲ್ಲ, ಹಿಂದಿನ ಚಕ್ರದಲ್ಲಿ ಬೇಕಾದಷ್ಟು ಹಲ್ಲಿಲ್ಲದೆ ಸೋತವರು.

ಪೆಡಲಿನ ಬಳಿ ಇರುವ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಕ್ಯಾಸೆಟ್‌ನ, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನ, ದೊಡ್ಡದಕ್ಕೆ 28 ಹಲ್ಲು ಎಂದುಕೊಳ್ಳಿ. ಟೈರು ಸೇರಿ ಸೈಕಲ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ನಿಮಿಷಕ್ಕೆ 70 ಸಲ ಪೆಡಲ್ ತಿರುಗಿಸಿದರೆ ವೇಗ ಗಂಟೆಗೆ 10.7 ಕಿ.ಮೀ. ನೀವು 75 ಕೆ.ಜಿ., ಸೈಕಲ್ಲು ಮತ್ತು ನೀರು ಸೇರಿ 10 ಕೆ.ಜಿ. ಇದ್ದರೆ, ನೂರಕ್ಕೆ ಏಳರ ಏರಿನಲ್ಲಿ ಆ ವೇಗಕ್ಕೆ 190 ವಾಟ್ ಹತ್ತಿರ ಶಕ್ತಿ ಬೇಕು. ಅದೇ ಹಿಂದೆ 34 ಹಲ್ಲಿನ ಕ್ಯಾಸೆಟ್ ಹಾಕಿಸಿದರೆ, ಅಷ್ಟೇ ಪೆಡಲ್ ತಿರುಗಿಸಿ ಗಂಟೆಗೆ 8.8 ಕಿ.ಮೀ.ಗೆ ಇಳಿಯಬಹುದು, ಆಗ ಸುಮಾರು 160 ವಾಟ್ ಸಾಕು. ಹವ್ಯಾಸಕ್ಕೆ ಸೈಕಲ್ ಹೊಡೆಯುವವರಿಗೆ ಈ ಮೂವತ್ತು ವಾಟ್ ಅಂದರೆ ಮೇಲಿನವರೆಗೆ ಕೂತೇ ಏರುವುದಕ್ಕೂ ನಾಲ್ಕನೇ ತಿರುವಿನಲ್ಲಿ ಇಳಿದು ತಳ್ಳುವುದಕ್ಕೂ ಇರುವ ಅಂತರ. ಕ್ಯಾಸೆಟ್ ಬದಲಿಸುವಾಗ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲನ್ನು ಸಂಭಾಳಿಸುತ್ತದೆಯೇ, ಚೈನಿನ ಉದ್ದ ಸಾಲುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ಕೇಳಿ ಮಾಡಿಸಿ. ಹೊರಡುವ ಮುನ್ನಾದಿನ ಮಾಡಿಸಬೇಡಿ. ಎರಡು ವಾರ ಮುಂಚೆ ಹಾಕಿಸಿ, ಓಡಿಸಿ, ಗೇರು ಸರಿಯಾಗಿ ಬೀಳುತ್ತದೆಯೇ ನೋಡಿ.

ಬ್ರೇಕ್ ಪ್ಯಾಡ್ ಹೊಸದಿರಲಿ. ರಿಮ್ ಬ್ರೇಕ್, ಅಂದರೆ ಚಕ್ರದ ಲೋಹದ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್ ಆದರೆ ಪ್ಯಾಡಿನ ಗೀರುಗಳು ಆಳವಾಗಿ ಕಾಣಬೇಕು, ಪ್ಯಾಡಿನೊಳಗೆ ಸಿಕ್ಕಿಕೊಂಡ ಅಲ್ಯೂಮಿನಿಯಂ ಚೂರುಗಳನ್ನು ಸೂಜಿಯಿಂದ ಕಿತ್ತು ತೆಗೆಯಿರಿ. ಕಾರ್ಬನ್ ರಿಮ್‌ಗೆ ರಿಮ್ ಬ್ರೇಕ್ ಇರುವ ಚಕ್ರಗಳನ್ನು ಮನೆಯಲ್ಲೇ ಬಿಟ್ಟು ಅಲ್ಯೂಮಿನಿಯಂ ಚಕ್ರ ತನ್ನಿ. ಟೈರು 28 ಮಿ.ಮೀ., ಫ್ರೇಮಿನಲ್ಲಿ ಜಾಗವಿದ್ದರೆ 32. ಎರಡು ಟ್ಯೂಬು, ಪಂಚರ್ ಕಿಟ್ಟು, ಪಂಪು, ಚೈನ್ ಜೋಡಿಸುವ ಕೊಂಡಿ, ಹಿಂದಕ್ಕೆ ಕೆಂಪು ಮಿನುಗುವ ದೀಪ, ಮುಂದಕ್ಕೆ ಬಿಳಿ ದೀಪ. ಹಗಲಲ್ಲೂ ದೀಪ ಉರಿಯುತ್ತಿರಲಿ. ಮಲೆನಾಡಿನ ಮರಗಳ ಕೆಳಗೆ ನಡುಹಗಲೂ ಮಬ್ಬು.

ಅಭ್ಯಾಸಕ್ಕೆ ನಿಮ್ಮೂರಿನ ಗುಡ್ಡವೇ ಸಾಕು. ಬೆಂಗಳೂರಿನವರಿಗೆ ನಲವತ್ತು ತಿರುವುಗಳ ನಂದಿಬೆಟ್ಟವಿದೆ. ಅದರಲ್ಲಿ ಏರುವ ಎತ್ತರ ಆಗುಂಬೆಗಿಂತ ತುಸು ಕಡಿಮೆ, ಹಾಗಾಗಿ ನಂದಿಯನ್ನು ಒಂದೇ ಬೆಳಗ್ಗೆ ಎರಡು ಸಲ ಹತ್ತಿದವರು ಧೈರ್ಯವಾಗಿ ಬರಬಹುದು. ಮೈಸೂರಿನವರು ಚಾಮುಂಡಿಬೆಟ್ಟವನ್ನು ಮೂರು ಸಲ ಹತ್ತಲಿ. ಹತ್ತಿದಷ್ಟೇ ಗಮನ ಕೊಟ್ಟು ಇಳಿಯುವುದನ್ನೂ ಅಭ್ಯಾಸ ಮಾಡಿ.

ಮೊದಲ ದಿನ: ಉಡುಪಿ, ಹೆಬ್ರಿ, ಆಗುಂಬೆ, ಶೃಂಗೇರಿ (ಸುಮಾರು 82 ಕಿ.ಮೀ.)

ಬೆಂಗಳೂರು ಕಡೆಯವರು ಸೈಕಲನ್ನು ಉಡುಪಿಗೆ ತರಲು ಸುಲಭದ ದಾರಿ ರಾತ್ರಿ ಬಸ್ಸು. ಎರಡೂ ಚಕ್ರ ಕಳಚಿ, ಚೀಲಕ್ಕೆ ಹಾಕಿ, ಬಸ್ಸಿನ ಹೊಟ್ಟೆಯಲ್ಲಿ ಡಿರೇಲರ್ ಮೇಲ್ಮುಖವಾಗಿರುವ ಹಾಗೆ ಮಲಗಿಸಿ. ಲಗೇಜು ಟಿಕೆಟ್ ತೆಗೆದುಕೊಳ್ಳಿ, ಕಂಡಕ್ಟರ್ ಹತ್ತಿರ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಬೆಳಗ್ಗೆ ಐದೂವರೆಗೆ ಉಡುಪಿ ಬಿಡಿ. ಮಣಿಪಾಲ ದಾಟಿ ಹೆಬ್ರಿಗೆ ಮೂವತ್ತು ಕಿ.ಮೀ. ಚಿಲ್ಲರೆ. ಈ ರಸ್ತೆ ಸಪಾಟಲ್ಲ, ಸಣ್ಣ ಸಣ್ಣ ಚಡಾವುಗಳ ಸರಮಾಲೆ. ಹೊಸ ಹುರುಪಿನಲ್ಲಿ ಪ್ರತಿ ಚಡಾವನ್ನೂ ನುಗ್ಗಿ ಹತ್ತುವ ಮನಸ್ಸಾಗುತ್ತದೆ. ತಡೆದುಕೊಳ್ಳಿ. ಹೆಬ್ರಿಯಲ್ಲಿ ತಿಂಡಿ ಮಾಡಿ: ಬನ್ಸು ಎಣ್ಣೆ, ಭಾರ, ಘಾಟಿಗೆ ಮೊದಲು ಬೇಡ. ಇಡ್ಲಿ, ಅವಲಕ್ಕಿ, ಬಾಳೆಹಣ್ಣು ಒಳ್ಳೆಯದು. ಹೆಬ್ರಿ ಬಿಟ್ಟ ಮೇಲೆ ಸೀತಾನದಿಯ ಕಾಡು ಶುರುವಾಗುತ್ತದೆ, ಗಾಳಿ ತಂಪಾಗುತ್ತದೆ, ರಸ್ತೆ ಗೊತ್ತಾಗದ ಹಾಗೆ ಏರುತ್ತದೆ. ಸೋಮೇಶ್ವರದಲ್ಲಿ ಎರಡೂ ಬಾಟಲಿ ತುಂಬಿಕೊಳ್ಳಿ, ಒಂದಕ್ಕೆ ಓಆರ್‌ಎಸ್ ಪುಡಿ ಹಾಕಿ. ಇಲ್ಲಿಂದ ಮೇಲಕ್ಕೆ ಹತ್ತು ಕಿ.ಮೀ. ಆಸುಪಾಸು, ಎತ್ತರದ ವ್ಯತ್ಯಾಸ ಸುಮಾರು 550 ಮೀಟರ್.

ನಾನೊಮ್ಮೆ ಸೋಮೇಶ್ವರದ ಗೂಡಂಗಡಿ ಎದುರು ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದೆ. ಅಂಗಡಿಯ ಅಮ್ಮ ಒಂದು ಲೋಟ ನೀರು, ಪಕ್ಕದಲ್ಲೊಂದು ತುಂಡು ಬೆಲ್ಲ ತಂದಿಟ್ಟರು. "ಎಂತ ಮಾರಾಯಾ, ಬಸ್ಸಿರುವಾಗ ಇದರಲ್ಲಿ ಹೋಗುದಾ?" ಎಂದರು. ಹೌದಮ್ಮ ಎಂದೆ. "ಹಾಗಾದ್ರೆ ಬೆಲ್ಲ ಈಗ ತಿನ್ನಬೇಡ, ಕಿಸೆಯಲ್ಲಿ ಹಾಕಿಕೋ, ಅರ್ಧ ಹೋದ ಮೇಲೆ ತಿನ್ನು" ಎಂದು ಬಾಳೆಲೆಯ ಚೂರಿನಲ್ಲಿ ಸುತ್ತಿ ಕೊಟ್ಟರು. ಬಳಲಿ ಬಂದವರಿಗೆ ಬೆಲ್ಲ-ನೀರು ಕೊಡುವ ಈ ಪದ್ಧತಿಯ ಹಿಂದೆ ಎಷ್ಟು ತಿಳಿವಳಿಕೆ ಇದೆ ಎಂದು ನನಗೆ ಹೊಳೆದದ್ದು ಅವತ್ತು ಏಳನೆಯ ತಿರುವಿನ ಹತ್ತಿರ. ಗಂಟೆಗೊಮ್ಮೆ 30ರಿಂದ 60 ಗ್ರಾಂ ಸಕ್ಕರೆ-ಪಿಷ್ಟ ಹೊಟ್ಟೆಗೆ ಹೋಗಬೇಕು ಎನ್ನುತ್ತದೆ ಕ್ರೀಡಾ ಆಹಾರದ ಲೆಕ್ಕ. ಒಂದು ಬಾಳೆಹಣ್ಣು, ಒಂದು ತುಂಡು ಬೆಲ್ಲ ಅಥವಾ ಕಡಲೆ ಚಿಕ್ಕಿ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹಸಿವಾಗುವ ಮೊದಲೇ ತಿನ್ನಿ. ಹಸಿವು ಗೊತ್ತಾದ ಮೇಲೆ ತಿಂದದ್ದು ಆ ಘಾಟಿಗೆ ಒದಗುವುದಿಲ್ಲ.

ಈಗ ಹತ್ತುವ ಕ್ರಮ. ಮೊದಲ ತಿರುವಿಗೆ ನೂರು ಮೀಟರ್ ಇರುವಾಗಲೇ ಚಿಕ್ಕ ಗೇರಿಗೆ ಬನ್ನಿ. ಏರಿನಲ್ಲಿ ಕಾಲು ಒತ್ತಿ ತುಳಿಯುತ್ತಿರುವಾಗ ಗೇರು ಬದಲಿಸಿದರೆ ಚೈನು ಕಳಚುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಪಕ್ಕದವರ ಜತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ ಇರಲಿ. ಮಾತು ತುಂಡು ತುಂಡಾದರೆ ನೀವು ಜಾಸ್ತಿ ಖರ್ಚು ಮಾಡುತ್ತಿದ್ದೀರಿ ಎಂದರ್ಥ. ಕೂತೇ ತುಳಿಯಿರಿ, ಕೈ ಹ್ಯಾಂಡಲ್‌ನ ಮೇಲುಭಾಗದಲ್ಲಿ ಹಗುರವಾಗಿರಲಿ, ಮೊಣಕೈ ಸಡಿಲ. ಹತ್ತು ನಿಮಿಷಕ್ಕೊಮ್ಮೆ ಗೇರನ್ನು ಒಂದು ಹಲ್ಲು ಗಟ್ಟಿ ಮಾಡಿ, ಎದ್ದು ನಿಂತು ಇಪ್ಪತ್ತು ಸುತ್ತು ತುಳಿದರೆ ಸೊಂಟಕ್ಕೆ ಆರಾಮ.

ತಿರುವುಗಳಲ್ಲೊಂದು ಗುಟ್ಟಿದೆ. ನಾವು ಎಡಬದಿಯಲ್ಲಿ ಹೋಗುವವರು. ಹಾಗಾಗಿ ರಸ್ತೆ ಬಲಕ್ಕೆ ಸುತ್ತುವಾಗ ಹೊರಸುತ್ತಿನಲ್ಲಿರುತ್ತೇವೆ, ಅಲ್ಲಿ ಏರು ಕಡಿಮೆ, ಉಸಿರು ತಗೊಳ್ಳಲು, ನೀರು ಕುಡಿಯಲು ಅದೇ ಜಾಗ. ಎಡಕ್ಕೆ ಸುತ್ತುವಾಗ ಒಳಸುತ್ತು, ಅಲ್ಲಿ ಗೋಡೆಯ ಹಾಗೆ ಕಡಿದು. ಹಿಂದೆ ಮುಂದೆ ವಾಹನ ಇಲ್ಲವೆಂದು ಖಚಿತವಾದರೆ ಮಾತ್ರ ತುಸು ನಡುವಿಗೆ ಬಂದು ಅಗಲವಾಗಿ ಸುತ್ತಿ. ಗುಡ್ಡದ ಬದಿಯ ಚರಂಡಿಗೆ ಹಲವು ಕಡೆ ಮುಚ್ಚಳವಿಲ್ಲ, ಒದ್ದೆ ಎಲೆ ಬಿದ್ದು ಅಂಚು ಕಾಣುವುದಿಲ್ಲ. ಅಂಚಿನಿಂದ ಒಂದು ಮೊಳ ಈಚೆಗೇ ಇರಿ. ಘಾಟಿಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎನ್ನುವುದು ರಸ್ತೆ ನಿಯಮ, ಅನುಭವಿ ಬಸ್ ಡ್ರೈವರುಗಳು ಸೈಕಲ್‌ಗೂ ಅದನ್ನು ಪಾಲಿಸುತ್ತಾರೆ. ದಾರಿ ಬಿಟ್ಟವರಿಗೆ ಕೈ ಎತ್ತಿ ವಂದಿಸಿ.

ಮಂಗಗಳಿಗೆ ತಿಂಡಿ ಕೊಡಬೇಡಿ, ತಿಂಡಿ ಕಾಣುವಂತೆ ಕಿಸೆಯಲ್ಲಿ ಸಿಕ್ಕಿಸಿಕೊಳ್ಳಲೂ ಬೇಡಿ. ಪ್ರವಾಸಿಗರು ಕೊಟ್ಟು ಕೊಟ್ಟು ಅವು ರಸ್ತೆಗೇ ಬಂದು ಕೂರುವುದನ್ನು ಕಲಿತಿವೆ, ಕಾರಿನಡಿ ಸಾಯುವುದೂ ಅದರಿಂದಲೇ.

ಸೂರ್ಯಾಸ್ತದ ಕಟ್ಟೆ ತಲಪಿದರೆ ಘಾಟಿ ಮುಗಿಯಿತು. ಬೆಳಗಿನ ಹೊತ್ತು ಅಲ್ಲಿ ಜನ ಇರುವುದಿಲ್ಲ. ನೀವು ಬಂದ ರಸ್ತೆ ಕಾಡಿನೊಳಗೆ ಎಲ್ಲೆಲ್ಲಿ ಹೊಕ್ಕು ಹೊರಟಿತ್ತು ಎಂದು ಮೇಲಿನಿಂದ ಹುಡುಕುತ್ತಾ ಕೂರಲು ನನಗೆ ಬಲು ಇಷ್ಟ. ಆಗುಂಬೆ ಪೇಟೆಯಲ್ಲಿ ಊಟ, ಒಂದು ಗಂಟೆ ವಿಶ್ರಾಂತಿ. ಅಲ್ಲಿಂದ ಶೃಂಗೇರಿಗೆ 27 ಕಿ.ಮೀ. ಹತ್ತಿರ, ಅಡಿಕೆ ತೋಟ, ಗದ್ದೆ, ಏರು ಇಳಿತ. ಅವಸರವಿಲ್ಲದೆ ಎರಡು ಗಂಟೆ. ಸಂಜೆ ತುಂಗೆಯ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂತರೆ ಮೀನುಗಳು ಬರುತ್ತವೆ, ಕಾಲಿನ ನೋವಿಗೆ ತಣ್ಣೀರೂ ಆಯಿತು.

ಎರಡನೆಯ ದಿನ: ಕುದುರೆಮುಖದ ಕಾಡು (80 ಕಿ.ಮೀ. ಆಸುಪಾಸು)

ಇದು ಮೂರರಲ್ಲಿ ಅತಿ ಚಂದದ ದಿನ, ಅತಿ ಎಚ್ಚರ ಬೇಕಾದ ದಿನವೂ ಹೌದು. ದಾರಿ ಹೀಗೆ: ಶೃಂಗೇರಿ, ತನಿಕೋಡು, ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಅಲ್ಲಿ ಬಲಕ್ಕೆ ಕಾರ್ಕಳದ ರಸ್ತೆ ಬಿಟ್ಟು ಕುದುರೆಮುಖದ ಕಡೆ ತಿರುಗಿ, ಸಂಸೆ ಮೇಲೆ ಕಳಸ. ಎಸ್.ಕೆ. ಬಾರ್ಡರ್ ಅಂದರೆ ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ, ಹೆಸರು ಹಾಗೇ ಉಳಿದಿದೆ.

1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನದೊಳಗೆ ಈ ರಸ್ತೆ ಹಾದುಹೋಗುತ್ತದೆ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಸಂಚಾರ ಇಲ್ಲ. ತನಿಖಾ ಠಾಣೆಯಲ್ಲಿ ಹೆಸರು, ಸಮಯ ಬರೆಸಬೇಕಾಗುತ್ತದೆ. ಕಾಡು ದಾಟಲು ಕಾರಿಗೆ ಕೊಡುವ ಅವಧಿ ಸೈಕಲ್‌ಗೆ ಸಾಲದು, ಅದಕ್ಕೆ ಠಾಣೆಯ ಸಿಬ್ಬಂದಿಗೆ "ಸರ್, ಸೈಕಲ್ಲಲ್ಲಿ ಹೋಗ್ತಿದ್ದೇವೆ, ಇಷ್ಟು ಹೊತ್ತಾಗುತ್ತದೆ" ಎಂದು ಮೊದಲೇ ಹೇಳಿ, ಅವರು ಹೇಳಿದಂತೆ ನಡೆದುಕೊಳ್ಳಿ. ಕಾಡಿನೊಳಗೆ ಕಂಡಲ್ಲೆಲ್ಲ ನಿಲ್ಲುವಂತಿಲ್ಲ, ಪ್ಲಾಸ್ಟಿಕ್ ಬಿಸಾಡುವಂತಿಲ್ಲ. ಶೃಂಗೇರಿಯನ್ನು ಬೆಳಕು ಹರಿಯುತ್ತಿದ್ದಂತೆ ಬಿಟ್ಟರೆ ಮಧ್ಯಾಹ್ನ ಎರಡರೊಳಗೆ ಕಾಡು ದಾಟಿರುತ್ತೀರಿ.

ಕೆರೆಕಟ್ಟೆಯಲ್ಲಿ ಹೊಟ್ಟೆ ತುಂಬ ತಿನ್ನಿ, ಬಾಟಲಿ ತುಂಬಿಕೊಳ್ಳಿ. ಅಲ್ಲಿಂದ ಮುಂದೆ ಅಂಗಡಿಯನ್ನು ನಂಬಿ ಹೋಗಬೇಡಿ. ಮೊಬೈಲ್ ಸಿಗ್ನಲ್ಲೂ ಬಹುಪಾಲು ಇಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಎಷ್ಟು ಗಂಟೆಗೆ ಕಳಸ ಸೇರುತ್ತೀರೆಂದು ಮನೆಯವರಿಗೆ ಹೇಳಿ ಬನ್ನಿ. ಇಬ್ಬರಿಗಿಂತ ಕಡಿಮೆ ಜನ ಈ ದಾರಿಯಲ್ಲಿ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿಯ ಏರು ಆಗುಂಬೆಯ ಥರ ಒಂದೇ ಪೆಟ್ಟಿನದಲ್ಲ. ಮರದ ಕತ್ತಲಲ್ಲಿ ಬಹಳ ದೂರ ಮೆಲ್ಲಗೆ ಏರಿ, ಇದ್ದಕ್ಕಿದ್ದಂತೆ ಬಯಲಿಗೆ ಬಂದುಬಿಡುತ್ತೀರಿ: ಸುತ್ತ ಹುಲ್ಲುಗಾವಲಿನ ಗುಡ್ಡಗಳು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರಿನ ಶೋಲಾ ಕಾಡು. ಇದೇ ಗುಡ್ಡಗಳ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ನಿನ್ನೆ ಸಂಜೆ ಕಾಲಿಟ್ಟ ತುಂಗೆ, ಇವತ್ತು ಸಂಜೆ ಕಳಸದಲ್ಲಿ ಕಾಣುವ ಭದ್ರೆ, ನಾಳೆ ಚಾರ್ಮಾಡಿ ಇಳಿದ ಮೇಲೆ ಜತೆಯಾಗುವ ನೇತ್ರಾವತಿಯ ಸೀಮೆ, ಮೂರನ್ನೂ ಈ ಸುತ್ತು ಪೋಣಿಸುತ್ತದೆ. ಈ ಹಾದಿಯ ಮೇಲೆ ನನಗಿರುವ ಪ್ರೀತಿಗೆ ಅದೂ ಒಂದು ಕಾರಣ. ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಕುದುರೆಮುಖ ಪಟ್ಟಣದ ಖಾಲಿ ಮನೆಗಳ ಸಾಲು ಅದರ ಗುರುತಾಗಿ ನಿಂತಿದೆ.

ಕಾಡುಕೋಣ ರಸ್ತೆಯಲ್ಲಿ ಕಂಡರೆ ಐವತ್ತು ಮೀಟರ್ ಈಚೆಗೇ ನಿಂತುಬಿಡಿ. ಬೆಲ್ಲು ಹೊಡೆಯಬೇಡಿ, ಫೋಟೋಗೆಂದು ಹತ್ತಿರ ಹೋಗಬೇಡಿ. ಅದು ದಾಟಲಿ, ಹಿಂದೆ ಇನ್ನೊಂದು ಇರುತ್ತದೆ, ಅದೂ ದಾಟಲಿ.

ಕುದುರೆಮುಖದಿಂದ ಕಳಸಕ್ಕೆ ಸುಮಾರು 20 ಕಿ.ಮೀ., ಸಂಸೆಯ ಟೀ ತೋಟದ ನಡುವೆ. ರಾತ್ರಿ ಕಳಸದಲ್ಲಿ ಉಳಿಯಿರಿ. ಕಾಲಿನಲ್ಲಿ ಇನ್ನೂ ಕಸುವಿದ್ದರೆ ಹೊರನಾಡು ಎಂಟು ಕಿ.ಮೀ., ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟವೂ ಸಿಗುತ್ತದೆ.

ಮೂರನೆಯ ದಿನ: ಚಾರ್ಮಾಡಿ ಇಳಿತ (ಸುಮಾರು 75 ಕಿ.ಮೀ.)

ಕಳಸದಿಂದ ಕೊಟ್ಟಿಗೆಹಾರದವರೆಗೆ ಕಾಫಿ ತೋಟಗಳ ನಡುವೆ ಏರಿಳಿತದ ರಸ್ತೆ, ಮೂವತ್ತೈದು ಕಿ.ಮೀ. ಹತ್ತಿರ. ಮೂಡಿಗೆರೆ ಸೀಮೆಯಲ್ಲಿ ಆನೆ ಓಡಾಟ ಇದೆ, ಆದ್ದರಿಂದ ಪೂರ್ತಿ ಬೆಳಕಾದ ಮೇಲೆ ಹೊರಡಿ, ಆನೆ ಬಂದಿದೆಯೇ ಎಂದು ಊರವರನ್ನು ಕೇಳಿ. ಕೊಟ್ಟಿಗೆಹಾರ ನೀರುದೋಸೆಗೆ ಹೆಸರಾದ ಊರು. ಇಲ್ಲಿ ತಿನ್ನದೆ ಇಳಿಯಬೇಡಿ. ಖಾಲಿ ಹೊಟ್ಟೆಯಲ್ಲಿ ಇಳಿದರೆ ಕೈ ನಡುಗುತ್ತದೆ, ಬ್ರೇಕು ಹಿಡಿಯುವ ಬೆರಳಿಗೆ ನಡುಕ ಬೇಡ. ಹೋಟೆಲಿನಲ್ಲಿ "ಅಣ್ಣಾ, ಹಳೇ ಪೇಪರ್ ಇದ್ರೆ ಒಂದೆರಡು ಹಾಳೆ ಕೊಡ್ತೀರಾ?" ಎಂದು ಕೇಳಿ ಪಡೆದು, ಜೆರ್ಸಿಯೊಳಗೆ ಎದೆಗೆ ಅಡ್ಡವಾಗಿ ಹರಡಿಕೊಳ್ಳಿ. ಬೆವರಿದ ಮೈಗೆ ಇಳಿಜಾರಿನ ತಣ್ಣನೆ ಗಾಳಿ ಹೊಡೆಯದಂತೆ ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಹೊರಡುವ ಮುಂಚೆ ಎರಡೂ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ ನೋಡಿ. ಚಕ್ರವನ್ನು ಫ್ರೇಮಿಗೆ ಬಿಗಿದಿಡುವ ಕ್ವಿಕ್ ರಿಲೀಸ್ ಹಿಡಿ ಬಿಗಿಯಿದೆಯೇ, ಟೈರಿನಲ್ಲಿ ಸೀಳು ಇದೆಯೇ ನೋಡಿ.

ಈ ಎಚ್ಚರ ನನಗೆ ಸುಮ್ಮನೆ ಬಂದದ್ದಲ್ಲ. ಮೊದಲ ಘಾಟಿ ಇಳಿದಾಗ ಭಯಕ್ಕೆ ಎರಡೂ ಬ್ರೇಕುಗಳನ್ನು ಮೇಲಿನಿಂದ ಕೆಳಗಿನವರೆಗೆ ಒತ್ತಿ ಹಿಡಿದೇ ಇದ್ದೆ. ನಿಧಾನ ಹೋಗುತ್ತಿದ್ದೇನೆ, ಹಾಗಾಗಿ ಕ್ಷೇಮ ಎಂದುಕೊಂಡಿದ್ದೆ. ಅರ್ಧ ಇಳಿದಾಗ ರಬ್ಬರು ಸುಟ್ಟ ವಾಸನೆ ಬಂತು, ಮುಂದಿನ ತಿರುವಿಗೆ ಢಮ್ಮೆಂದು ಮುಂದಿನ ಟ್ಯೂಬು ಒಡೆಯಿತು. ಗುಡ್ಡದ ಬದಿಗೆ ಬಿದ್ದೆ, ಕಣಿವೆಯ ಬದಿಗಲ್ಲ. ಮೊಣಕೈ ತರಚಿತು. ಟೈರು ಬಿಚ್ಚಲು ರಿಮ್ ಮುಟ್ಟಿದರೆ ಕಾವಲಿ ಮುಟ್ಟಿದಂತಾಯಿತು, ಎರಡು ಬೆರಳಲ್ಲಿ ಬೊಬ್ಬೆ ಎದ್ದವು. ಕಾರಣ ಆಮೇಲೆ ತಿಳಿಯಿತು. 85 ಕೆ.ಜಿ. ತೂಕ 700 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ 580 ಕಿಲೋಜೂಲ್‌ಗೂ ಹೆಚ್ಚು. ಎರಡು ಲೀಟರಿಗೆ ತುಸು ಕಡಿಮೆ ತಣ್ಣೀರನ್ನು ಕುದಿಯಿಸುವಷ್ಟು ಶಾಖ ಅದು. ವೇಗವಾಗಿ ಹೋದಾಗ ಅದರಲ್ಲಿ ಬಹಳಷ್ಟನ್ನು ಎದುರುಗಾಳಿ ತಿನ್ನುತ್ತದೆ. ಬ್ರೇಕನ್ನು ಎಡೆಬಿಡದೆ ಸವರುತ್ತಾ ನಿಧಾನ ಹೋದರೆ ಅಷ್ಟೂ ಶಾಖ ರಿಮ್ಮಿಗೆ ಇಳಿಯುತ್ತದೆ, ರಿಮ್ಮಿಗೆ ಆರಲು ಹೊತ್ತೇ ಸಿಗುವುದಿಲ್ಲ.

ಆದ್ದರಿಂದ ಇಳಿಯುವ ಕ್ರಮ ಇದು. ಕೈ ಹ್ಯಾಂಡಲ್‌ನ ಕೆಳಬಾಗಿನಲ್ಲಿ, ಎರಡು ಬೆರಳು ಸದಾ ಬ್ರೇಕಿನ ಮೇಲೆ. ನೇರ ರಸ್ತೆಯಲ್ಲಿ ಬ್ರೇಕು ಬಿಟ್ಟಿರಿ. ತಿರುವು ಬರುವ ಮೊದಲು, ಸೈಕಲ್ ಇನ್ನೂ ನೆಟ್ಟಗಿರುವಾಗಲೇ, ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಎರಡು ಮೂರು ಸೆಕೆಂಡು ಹಿಡಿದು ವೇಗ ಇಳಿಸಿ, ಬಿಟ್ಟು ತಿರುಗಿ. ತಿರುವಿನ ನಡುವೆ ಬ್ರೇಕ್ ಹಿಡಿಯಬೇಕಾಗಿ ಬಂದರೆ ನೀವು ವೇಗವಾಗಿ ಬಂದಿದ್ದೀರಿ ಎಂದೇ ಲೆಕ್ಕ. ಮುಂದಿನ ತಿರುವಿಗೆ ಇನ್ನೂ ಬೇಗ ಹಿಡಿಯಿರಿ. ಹೊರಗಿನ ಪೆಡಲು ಕೆಳಗೆ, ತೂಕ ಆ ಕಾಲಿನ ಮೇಲೆ. ಕಣ್ಣು ತಿರುವು ಮುಗಿಯುವ ಕಡೆಗೆ. ಕಣಿವೆ ನೋಡಿದರೆ ಸೈಕಲ್ಲೂ ಕಣಿವೆಯ ಕಡೆಗೇ ಸರಿಯುತ್ತದೆ. ಯಾವ ಕಾರಣಕ್ಕೂ ಎದುರು ವಾಹನದ ಬದಿಗೆ ದಾಟಬೇಡಿ. ಟಿವಿಯಲ್ಲಿ ಕಾಣುವ ಯುರೋಪಿನ ರೇಸುಗಳಲ್ಲಿ ಇಡೀ ರಸ್ತೆಯನ್ನು ಬಳಸಿ ಇಳಿಯುತ್ತಾರೆ, ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ. ರಸ್ತೆಯ ಮೇಲಿನ ಬಿಳಿ ಗೆರೆ, ಎಣ್ಣೆ ಬಿದ್ದ ಕಲೆ, ಝರಿ ನೀರು ಹರಿದ ಒದ್ದೆ ಜಾಗ ಇವುಗಳ ಮೇಲೆ ಓರೆಯಾಗಬೇಡಿ.

ಐದಾರು ಕಿ.ಮೀ.ಗೊಮ್ಮೆ ಅಗಲವಾದ ಜಾಗದಲ್ಲಿ ನಿಂತು ರಿಮ್ ಆರಲು ಬಿಡಿ. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ವಾಹನದವರು ನಿಂತು ಕೈಮುಗಿದು ಹೋಗುವುದು ವಾಡಿಕೆ, ನಾವೂ ಅಲ್ಲಿ ನಿಲ್ಲುತ್ತೇವೆ. ಮಂಜು ಕವಿದರೆ ತಿರುವಿನಿಂದ ದೂರ, ರಸ್ತೆಯಿಂದ ಪೂರ್ತಿ ಹೊರಗೆ ಸರಿದು, ದೀಪ ಹಾಕಿಕೊಂಡು ಕಾಯಿರಿ. ಏನಾದರೂ ಅನಾಹುತವಾದರೆ 108 ಅಥವಾ 112.

ಕೆಳಗೆ ಚಾರ್ಮಾಡಿ ಊರು ಬಂದಾಗ ಸೆಕೆ ಮೈಗೆ ಬಡಿಯುತ್ತದೆ. ಎದೆಯ ಮೇಲಿನ ಪೇಪರ್ ತೆಗೆದು, ಒಂದು ಲೋಟ ಪುನರ್ಪುಳಿ ಶರಬತ್ತು ಕುಡಿದು, ಉಜಿರೆವರೆಗಿನ ಸಪಾಟು ರಸ್ತೆಯಲ್ಲಿ ಹಗುರ ಗೇರಿನಲ್ಲಿ ಕಾಲಾಡಿಸುತ್ತಾ ಹೋಗಿ. ಉಜಿರೆಯಿಂದ ಧರ್ಮಸ್ಥಳ ಹತ್ತಿರ, ಮಂಗಳೂರಿಗೆ ಬಸ್ಸು ಬೇಕಾದಷ್ಟು. ಮಂಗಳೂರಿನವರೆಗೂ ಸೈಕಲ್ಲಲ್ಲೇ ಹೋದರೆ ದಿನ 140 ಕಿ.ಮೀ. ಆಗುತ್ತದೆ, ಇಳಿತದಲ್ಲಿ ಮನಸ್ಸು ದಣಿದಿರುತ್ತದೆ, ನಾನು ಹೇಳುವುದು ಬಸ್ಸನ್ನೇ.

ಮೂರು ದಿನ ಸಿಗದವರಿಗೆ ಶರಾವತಿ ಕೊಳ್ಳ

ಒಂದೇ ದಿನ ಇದ್ದರೆ ಹೊನ್ನಾವರದಿಂದ ಜೋಗ, ಸುಮಾರು 60 ಕಿ.ಮೀ. ಕೊಂಕಣ ರೈಲಿನಲ್ಲಿ ಬಂದು ಹೊನ್ನಾವರದಲ್ಲಿ ಇಳಿಯಿರಿ. ಮೊದಲರ್ಧ ಗೇರುಸೊಪ್ಪದವರೆಗೆ ಶರಾವತಿಯ ದಂಡೆ, ತೆಂಗು ಅಡಿಕೆಯ ನೆರಳು, ಹೆಚ್ಚುಕಡಿಮೆ ಸಪಾಟು. ಆಮೇಲೆ ಮಲೆಮನೆ ಘಾಟಿ ಶುರು. ಏರುತ್ತಾ ಹೋದಂತೆ ಬದಿಯಲ್ಲಿ ಶರಾವತಿಯ ಕೊಳ್ಳ ಆಳ ಆಳಕ್ಕೆ ಇಳಿಯುತ್ತದೆ. ಕೆಳಗೆ ಜತೆಗೇ ಬರುತ್ತಿದ್ದ ನದಿ ಈಗ ಕಾಡಿನ ನಡುವೆ ಒಂದು ಬೆಳ್ಳಿ ಗೆರೆ. ಸಿಂಗಳೀಕಗಳ ಕಾಡಿದು, ಮರದ ತುದಿಗಳ ಮೇಲೆ ಕಣ್ಣಿಡಿ, ಸದ್ದು ಮಾಡಬೇಡಿ. ಮಾವಿನಗುಂಡಿ ಮೇಲೆ ಜೋಗ ಸೇರಿದರೆ 253 ಮೀಟರ್ ಬೀಳುವ ಅದೇ ನದಿ ಎದುರಿಗಿರುತ್ತದೆ. ಇಲ್ಲಿ ಹತ್ತುವುದಷ್ಟೇ ಇದೆ, ಇಳಿಯುವುದಿಲ್ಲ: ಜೋಗದಿಂದ ಹತ್ತಿರದ ತಾಳಗುಪ್ಪಕ್ಕೆ ಹೋಗಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಇಳಿಜಾರಿಗೆ ಇನ್ನೂ ಅಂಜುವವರು ಮೊದಲು ಇದನ್ನೇ ಮಾಡಿ.

ಮನೆಗೆ ಬಂದ ದಿನವೇ ಮಾಡಬೇಕಾದ ಕೆಲಸ ಎರಡಿದೆ. ಕರಾವಳಿಯ ಉಪ್ಪುಗಾಳಿ, ಘಟ್ಟದ ಕೆಮ್ಮಣ್ಣು ಎರಡೂ ಸೇರಿ ಚೈನನ್ನು ವಾರದೊಳಗೆ ತುಕ್ಕು ಹಿಡಿಸುತ್ತವೆ: ಸೀಮೆಎಣ್ಣೆಯಲ್ಲೋ ಡೀಗ್ರೀಸರ್‌ನಲ್ಲೋ ತೊಳೆದು, ಒಣಗಿಸಿ, ಎಣ್ಣೆ ಬಿಡಿ. ಆಮೇಲೆ ಬ್ರೇಕ್ ಪ್ಯಾಡ್ ಕಳಚಿ ಬೆಳಕಿಗೆ ಹಿಡಿದು ನೋಡಿ. ಗೀರು ಮಾಸಿದ್ದರೆ ಅವನ್ನು ಊರೊಳಗಿನ ಓಡಾಟಕ್ಕೂ ಇಟ್ಟುಕೊಳ್ಳಬೇಡಿ, ಹೊಸದು ತಂದು ಹಾಕಿಬಿಡಿ.